ಟಿವಿಯ ಬಣ್ಣಕ್ಕೆಂದು ಹುಟ್ಟಿದ ಮಿಡಿತ, ಕಂಪ್ಯೂಟರಿಗೆ ತಾಳವಾದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡೋಣ. 1193182. ಇದು ಫೋನ್ ನಂಬರೂ ಅಲ್ಲ, ಪಿನ್ ಕೋಡೂ ಅಲ್ಲ. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದರ ತಿರುಳಿನ ಕೋಡ್‌ನಲ್ಲಿ ಇಂದಿಗೂ ಕೂತಿರುವ ಸಂಖ್ಯೆ. ಪಿಸಿಯೊಳಗಿನ ಒಂದು ಟೈಮರ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ ಅದು. ಹತ್ತು ಲಕ್ಷ ಅಂತ ಇಟ್ಟಿದ್ದರೆ ಎಲ್ಲರಿಗೂ ಸುಲಭ. ಹನ್ನೆರಡು ಲಕ್ಷ ಅಂದಿದ್ದರೂ ಸರಿ, ಒಪ್ಪಿಕೊಳ್ಳಬಹುದಿತ್ತು. ಆದರೆ 11 ಲಕ್ಷದ 93 ಸಾವಿರದ 182? ಇಂಥ ವಿಚಿತ್ರ ಸಂಖ್ಯೆಯನ್ನು ಯಾರು, ಯಾಕೆ ಆರಿಸಿದರು?

ಈ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ಹೋಗಿ ನಿಲ್ಲುವುದು 1953ರ ಅಮೆರಿಕದ ಟಿವಿ ಸೆಟ್ಟಿನ ಮುಂದೆ. ಅಲ್ಲಿಂದ ವಾಪಸ್ ಬರುವ ದಾರಿಯಲ್ಲಿ ಇನ್ನೊಂದು ದೊಡ್ಡ ಕಥೆ ಸಿಗುತ್ತದೆ. ಒಂದು ಬೋರ್ಡಿನ ಮೇಲಿರುವ ಹತ್ತಾರು ಚಿಪ್‌ಗಳಿಗೆ ಒಂದೇ ಹೊತ್ತಿಗೆ, ಒಂದೇ ತಾಳ ಮುಟ್ಟಿಸುವುದು ಹೇಗೆ ಎಂಬ ಕಥೆ. ಕಂಪ್ಯೂಟರಿನ ಚರಿತ್ರೆ ಅಂದರೆ ನಾವು ವೇಗದ ಬಗ್ಗೆ ಮಾತಾಡ್ತೀವಿ, ಇಷ್ಟು ಮೆಗಾಹರ್ಟ್ಸ್, ಅಷ್ಟು ಗಿಗಾಹರ್ಟ್ಸ್ ಅಂತ. ನನ್ನ ಪ್ರಕಾರ ಮಿಡಿತವನ್ನು ಹುಟ್ಟಿಸೋದು ಸಣ್ಣ ಕೆಲಸ. ಅದನ್ನು ಹಂಚೋದೇ ದೊಡ್ಡ ಕೆಲಸ. ಹಂಚಿದವರ ಹೆಸರು ಮಾತ್ರ ಎಲ್ಲೂ ಕೇಳಿಬರುವುದಿಲ್ಲ.

ತಾಳ ಯಾಕೆ ಬೇಕು?

ಮೊದಲು ಮೂಲ ವಿಷಯ. ಕಂಪ್ಯೂಟರಿನೊಳಗೆ ಕ್ಲಾಕ್ ಅಂದರೆ ಗಂಟೆ ನಿಮಿಷ ತೋರಿಸುವ ಗಡಿಯಾರ ಅಲ್ಲ. ಅದೊಂದು ವಿದ್ಯುತ್ ಮಿಡಿತ. ವೋಲ್ಟೇಜು ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಷ್ಟೇ. ಯಕ್ಷಗಾನದಲ್ಲಿ ಭಾಗವತರ ಕೈಯ ತಾಳ ಇದ್ದ ಹಾಗೆ. ಮದ್ದಳೆ, ಚೆಂಡೆ, ಕುಣಿಯುವ ವೇಷ ಎಲ್ಲವೂ ಅದಕ್ಕೆ ಕಿವಿಗೊಟ್ಟಿರುತ್ತವೆ. ಒಂದು ಚಿಪ್ಪು ತಂತಿಯ ಮೇಲೆ ಒಂದು ಸಂಖ್ಯೆಯನ್ನು ಇಡುತ್ತದೆ. ಇನ್ನೊಂದು ಚಿಪ್ಪು ಅದನ್ನು ಓದಬೇಕು. ಯಾವಾಗ ಓದಬೇಕು? ಬೇಗ ಓದಿದರೆ ಹಳೆಯ ಸಂಖ್ಯೆ, ತಡವಾದರೆ ಮುಂದಿನದು. ಆದ್ದರಿಂದ ಇಬ್ಬರಿಗೂ ಒಂದು ಒಪ್ಪಂದ: ಮಿಡಿತ ಮೇಲಕ್ಕೆದ್ದ ಕ್ಷಣವೇ ಓದುವ ಕ್ಷಣ. ಆ ಮಿಡಿತ ಒಬ್ಬನಿಗೆ ಈಗ, ಇನ್ನೊಬ್ಬನಿಗೆ ತುಸು ಹೊತ್ತಾದ ಮೇಲೆ ತಲುಪಿತು ಅನ್ನಿ, ಒಪ್ಪಂದ ಮುರಿಯಿತು. ಈ ಹಿಂದುಮುಂದಿಗೆ ಎಂಜಿನಿಯರುಗಳು ಸ್ಕ್ಯೂ ಅಂತಾರೆ. ಇವತ್ತಿನ ಕಥೆಯ ಖಳನಾಯಕ ಇದೇ ಸ್ಕ್ಯೂ.

1946ರಲ್ಲಿ ಜನರ ಮುಂದೆ ಬಂದ ಎನಿಯಾಕ್ ಯಂತ್ರದಲ್ಲೇ ಈ ಕೆಲಸಕ್ಕೆಂದು ಒಂದು ಪ್ರತ್ಯೇಕ ಘಟಕ ಇತ್ತು. ಸೈಕ್ಲಿಂಗ್ ಯೂನಿಟ್ ಅಂತ ಅದರ ಹೆಸರು. ಯಂತ್ರ ಅಂದರೆ ಸುಮಾರು 18,000 ವಾಲ್ವುಗಳಿದ್ದ, ಒಂದು ದೊಡ್ಡ ಕೋಣೆಯ ಗೋಡೆಗಳ ಉದ್ದಕ್ಕೂ ನಿಂತ ಪ್ಯಾನೆಲ್‌ಗಳ ಸಾಲು. ಸೈಕ್ಲಿಂಗ್ ಯೂನಿಟ್ ಸೆಕೆಂಡಿಗೆ ಒಂದು ಲಕ್ಷ ಮಿಡಿತ ಹುಟ್ಟಿಸಿ, ಆ ಸಾಲಿನ ಉದ್ದಕ್ಕೂ ತಂತಿಗಳಲ್ಲಿ ಕಳಿಸುತ್ತಿತ್ತು. 20 ಮಿಡಿತಕ್ಕೆ ಒಂದು ಸುತ್ತು, ಒಂದು ಸುತ್ತಿಗೆ ಒಂದು ಕೂಡುವ ಲೆಕ್ಕ. ಅಂದರೆ ಸೆಕೆಂಡಿಗೆ 5,000 ಸಂಕಲನ. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವೆ 10 ಮೈಕ್ರೋಸೆಕೆಂಡ್ ಬಿಡುವು. ಅಷ್ಟು ಹೊತ್ತಿನಲ್ಲಿ ಬೆಳಕು ಮೂರು ಕಿಲೋಮೀಟರ್ ಹೋಗಿಬಿಡುತ್ತದೆ. ಹಾಗಾಗಿ ಕೋಣೆಯ ಈ ತುದಿಗೂ ಆ ತುದಿಗೂ ಮಿಡಿತ ತಲುಪುವುದರಲ್ಲಿ ಇದ್ದ ವ್ಯತ್ಯಾಸ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆಮೇಲೆ ಯಂತ್ರಗಳ ವೇಗ ಹೆಚ್ಚಿತು, ಬೆಳಕಿನ ವೇಗ ಮಾತ್ರ ಇದ್ದಷ್ಟೇ ಇತ್ತು. ಅಮೆರಿಕದ ನೌಕಾಪಡೆಯಲ್ಲಿದ್ದ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಇದನ್ನು ವಿವರಿಸುತ್ತಿದ್ದ ರೀತಿ ಬಹಳ ಪ್ರಸಿದ್ಧ. ಭಾಷಣಕ್ಕೆ ಹೋದಲ್ಲೆಲ್ಲ 11.8 ಇಂಚಿನ ತಂತಿಯ ತುಂಡುಗಳನ್ನು ಕೊಂಡೊಯ್ದು ಹಂಚುತ್ತಿದ್ದರು. "ಇದೇ ನೋಡಿ ನ್ಯಾನೋಸೆಕೆಂಡ್" ಅನ್ನುವುದು ಅದರ ತಾತ್ಪರ್ಯ. ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಬೆಳಕು ಹೋಗುವ ಗರಿಷ್ಠ ದೂರ ಅಷ್ಟೇ. ಒಂದು ಮೊಳಕ್ಕಿಂತ ಕಡಿಮೆ. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಯಲ್ಲಿ ಅದರ ಅರ್ಧ ದೂರ, ಸುಮಾರು 15 ಸೆಂಟಿಮೀಟರ್. ಕಾಲ ಅನ್ನೋದು ಉದ್ದವೂ ಹೌದು ಎಂಬುದು ಎಂಜಿನಿಯರುಗಳ ಕೈಗೆ ಸಿಕ್ಕಿದ್ದು ಆಗ.

ಇದನ್ನು ಅಕ್ಷರಶಃ ಕಟ್ಟಿ ತೋರಿಸಿದವರು ಸೀಮೋರ್ ಕ್ರೇ. ಅವರ ಕ್ರೇ-1 ಸೂಪರ್ ಕಂಪ್ಯೂಟರಿನ ಮೊದಲ ಯಂತ್ರ 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋಯಿತು. ಅದರ ಫೋಟೋ ನೋಡಿದವರಿಗೆ ನೆನಪಿರುತ್ತೆ, ಇಂಗ್ಲಿಷಿನ ಸಿ ಅಕ್ಷರದ ಆಕಾರ, ಸುತ್ತ ಕೂರುವುದಕ್ಕೆ ಮೆತ್ತನೆಯ ಆಸನ. ಅದು ಅಂದಕ್ಕೆ ಮಾಡಿದ್ದಲ್ಲ. ಅದರ ಮಿಡಿತ 12.5 ನ್ಯಾನೋಸೆಕೆಂಡಿಗೆ ಒಂದು. ಒಳಬದಿಯಲ್ಲಿ ತಂತಿಗಳು ಓಡಾಡಬೇಕು, ಯಾವ ತಂತಿಯೂ ನಾಲ್ಕು ಅಡಿಗಿಂತ ಉದ್ದ ಇರಬಾರದು. ನಾಲ್ಕಡಿ ದಾಟುವುದಕ್ಕೆ ಬೆಳಕಿಗೇ 4 ನ್ಯಾನೋಸೆಕೆಂಡ್ ಬೇಕು, ತಂತಿಯಲ್ಲಿ ಇನ್ನೂ ಜಾಸ್ತಿ. ಬಾಗಿಸಿದ್ದಕ್ಕೆ ಒಳಬದಿಯ ದೂರಗಳು ಕಡಿಮೆಯಾದವು. 1,662 ಮಾಡ್ಯೂಲ್‌ಗಳ ನಡುವಿನ ಆ ತಂತಿಗಳನ್ನು ಜೋಡಿಸಿದ್ದು ಯಂತ್ರ ಅಲ್ಲ, ಮನುಷ್ಯರ ಕೈ. ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಊರಿನಲ್ಲಿ, ಹೆಚ್ಚಾಗಿ ಹೆಂಗಸರು, ಅಳತೆಗೆ ಕತ್ತರಿಸಿದ ತಂತಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ತಂತಿ ಉದ್ದವಾದರೆ ಮಿಡಿತ ತಡ, ಗಿಡ್ಡವಾದರೆ ಬೇಗ. ಅವರ ಕೈಯಲ್ಲಿದ್ದದ್ದು ತಂತಿಯಲ್ಲ, ಕಾಲದ ತುಂಡುಗಳು. ಕ್ರೇ ಹೆಸರು ಉಳಿಯಿತು. ಆ ಕೈಗಳ ಹೆಸರು ಯಾವ ಫಲಕದ ಮೇಲೂ ಇಲ್ಲ.

ಬಣ್ಣದ ಲೆಕ್ಕ

ಈಗ ಟಿವಿಗೆ ಬರೋಣ. ಅಮೆರಿಕದಲ್ಲಿ ಕಪ್ಪುಬಿಳುಪು ಟಿವಿ ಮೊದಲೇ ಮನೆಮನೆಗೆ ಬಂದಿತ್ತು. ಒಂದು ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ 30 ಚಿತ್ರ, ಒಟ್ಟು 15,750 ಗೆರೆ. ಬಣ್ಣ ಸೇರಿಸಬೇಕು ಅಂದಾಗ ಒಂದು ಷರತ್ತು: ಜನರ ಮನೆಯಲ್ಲಿರುವ ಹಳೆಯ ಸೆಟ್ಟುಗಳು ಕೆಡಬಾರದು. ಹೊಸ ಪ್ರಸಾರ ಹಳೆಯ ಸೆಟ್ಟಿನಲ್ಲಿ ಕಪ್ಪುಬಿಳುಪಾಗಿ ಕಾಣಲೇಬೇಕು. ಹಾಗಾಗಿ ಬಣ್ಣದ ಮಾಹಿತಿಯನ್ನು ಅದೇ ಚಿತ್ರದ ಸಿಗ್ನಲ್ಲಿನ ಸಂದಿಗಳಲ್ಲಿ ತೂರಿಸಬೇಕಾಯಿತು. ಬಣ್ಣದ ಅಲೆಯೂ ಧ್ವನಿಯ ಅಲೆಯೂ ಒಂದಕ್ಕೊಂದು ತಾಗಿ ಪರದೆಯ ಮೇಲೆ ಕಲೆ ಮೂಡದಂತೆ ಸಂಖ್ಯೆಗಳನ್ನು ಹೊಂದಿಸಿದರು. ಧ್ವನಿಯ 45 ಲಕ್ಷ ಹರ್ಟ್ಸ್ ಇತ್ತಲ್ಲ, ಅದನ್ನು 286ರಿಂದ ಭಾಗಿಸಿ ಗೆರೆಗಳ ಹೊಸ ಲೆಕ್ಕ ತೆಗೆದರು. ಸೆಕೆಂಡಿಗೆ 15,734 ಚಿಲ್ಲರೆ. ಅದರ ಅರ್ಧವನ್ನು 455ರಿಂದ ಗುಣಿಸಿದರೆ ಬಣ್ಣದ ಅಲೆಯ ಆವರ್ತನ, 3.579545 ಮೆಗಾಹರ್ಟ್ಸ್. 1953ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರದ ಎಫ್‌ಸಿಸಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಇಲ್ಲೊಂದು ಸೊಗಸು ಗಮನಿಸಿ. ಬಣ್ಣ ಸರಿಯಾಗಿ ಕಾಣಬೇಕಾದರೆ ಸ್ಟೇಷನ್ನಿನ ಮಿಡಿತಕ್ಕೂ ಮನೆಯ ಸೆಟ್ಟಿನ ಮಿಡಿತಕ್ಕೂ ತಾಳ ಕೂಡಬೇಕು. ಅದಕ್ಕಾಗಿ ಪ್ರತಿ ಗೆರೆಯ ಆರಂಭದಲ್ಲೂ ಸ್ಟೇಷನ್ನು ಎಂಟೊಂಬತ್ತು ಮಿಡಿತಗಳ ಒಂದು ಸಣ್ಣ ಗೊಂಚಲು ಕಳಿಸುತ್ತಿತ್ತು. ಮನೆಯ ಸೆಟ್ಟು ಅದನ್ನು ಕೇಳಿ ತನ್ನ ಹರಳನ್ನು ಹೊಂದಿಸಿಕೊಳ್ಳುತ್ತಿತ್ತು. ಇದೇನು ಹೇಳಿ? ಕ್ಲಾಕ್ ಹಂಚಿಕೆಯೇ. ಒಂದು ಬೋರ್ಡಿನ ಮೇಲಲ್ಲ, ಗಾಳಿಯಲ್ಲಿ, ಲಕ್ಷಾಂತರ ಮನೆಗಳಿಗೆ.

ಹರಳು ಅಂದೆನಲ್ಲ, ಅದು ಸ್ಫಟಿಕ ಶಿಲೆಯ ತೆಳು ಬಿಲ್ಲೆ. ಒತ್ತಿದರೆ ವಿದ್ಯುತ್ತು, ವಿದ್ಯುತ್ತು ಕೊಟ್ಟರೆ ಕಂಪನ. ಈ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. 1927ರಲ್ಲಿ ಬೆಲ್ ಲ್ಯಾಬ್ಸ್‌ನ ವಾರನ್ ಮ್ಯಾರಿಸನ್ ಅದರಿಂದ ಗಡಿಯಾರವನ್ನೇ ಮಾಡಿದ್ದರು. ಬಣ್ಣದ ಟಿವಿ ಬಂದ ಮೇಲೆ ಒಂದು ನಿರ್ದಿಷ್ಟ ಆವರ್ತನದ ಹರಳು ರಾಶಿ ರಾಶಿಯಾಗಿ ತಯಾರಾಗತೊಡಗಿತು. ರಾಶಿ ಬಿದ್ದದ್ದು ಅಗ್ಗವಾಗುತ್ತದೆ. ಇದು ಸಂತೆಯ ನಿಯಮ, ಎಲೆಕ್ಟ್ರಾನಿಕ್ಸ್‌ಗೂ ಅದೇ ನಿಯಮ.

ಒಂದು ಹರಳು, ಮೂರು ಭಾಗಾಕಾರ

1977ರಲ್ಲಿ ಆಪಲ್ II ಬಂತು. ಸ್ಟೀವ್ ವೋಜ್ನಿಯಾಕ್ ಅದರಲ್ಲಿ ಬಳಸಿದ್ದು 14.318 ಮೆಗಾಹರ್ಟ್ಸ್ ಹರಳು. ಟಿವಿ ಬಣ್ಣದ ಆವರ್ತನದ ಸರಿಯಾಗಿ ನಾಲ್ಕು ಪಟ್ಟು. ಯಾಕೆಂದರೆ ಆ ಕಂಪ್ಯೂಟರಿನ ಪರದೆ ಮನೆಯ ಟಿವಿಯೇ. ಹದಿನಾಲ್ಕರಿಂದ ಭಾಗಿಸಿದರೆ ಪ್ರೊಸೆಸರಿನ ವೇಗ, ನಾಲ್ಕರಿಂದ ಭಾಗಿಸಿದರೆ ಬಣ್ಣ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಪ್ರಕಟಿಸಿತು. ಫ್ಲಾರಿಡಾದ ಬೋಕಾ ರಟೋನ್‌ನಲ್ಲಿ ಒಂದು ಸಣ್ಣ ತಂಡ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಕಟ್ಟಿದ ಯಂತ್ರ. ಅವರೂ ಅದೇ 14.31818 ಮೆಗಾಹರ್ಟ್ಸ್ ಹರಳನ್ನೇ ಹಾಕಿದರು. ಬೋರ್ಡಿನ ಮೇಲೆ ಇಂಟೆಲ್‌ನ 8284 ಎಂಬ ಕ್ಲಾಕ್ ಚಿಪ್. ಅದು ಹರಳಿನ ಮಿಡಿತವನ್ನು ಮೂರರಿಂದ ಭಾಗಿಸಿ 8088 ಪ್ರೊಸೆಸರಿಗೆ ಕೊಡುತ್ತದೆ, 4.77 ಮೆಗಾಹರ್ಟ್ಸ್. ಆ ಪ್ರೊಸೆಸರ್ ಐದರವರೆಗೆ ಓಡಬಲ್ಲುದು. ಅಂದರೆ ಸುಮಾರು ನಾಲ್ಕೂವರೆ ಶೇಕಡಾ ವೇಗವನ್ನು ಬಿಟ್ಟುಕೊಟ್ಟರು, ಇನ್ನೊಂದು ಹರಳಿನ ಖರ್ಚು ಉಳಿಸಿಕೊಂಡರು. ನಾಲ್ಕರಿಂದ ಭಾಗಿಸಿದರೆ ಟಿವಿ ಬಣ್ಣದ 3.579545. ಬಣ್ಣ ಸ್ವಲ್ಪ ಆಚೀಚೆ ಆದರೆ ತಿರುಗಿಸಿ ಸರಿಮಾಡಲು ಬೋರ್ಡಿನ ಮೇಲೆ ಒಂದು ಪುಟ್ಟ ಟ್ರಿಮ್ಮರ್ ಕೂಡ ಇಟ್ಟಿದ್ದರು.

ಇನ್ನು ಹನ್ನೆರಡರಿಂದ ಭಾಗಿಸಿದರೆ? 1.193182 ಮೆಗಾಹರ್ಟ್ಸ್. ಸಿಕ್ಕಿತಲ್ಲ ನಮ್ಮ ಸಂಖ್ಯೆ! ಅದು ಟೈಮರ್ ಚಿಪ್‌ಗೆ ಹೋಯಿತು. ಆ ಚಿಪ್ 65,536 ಮಿಡಿತ ಎಣಿಸಿ ಒಮ್ಮೆ ಪ್ರೊಸೆಸರನ್ನು ಎಚ್ಚರಿಸುತ್ತಿತ್ತು, ಸೆಕೆಂಡಿಗೆ 18.2 ಸಲ. ಡಾಸ್ ಕಾಲದಲ್ಲಿ ಪ್ರೋಗ್ರಾಮ್ ಬರೆದವರಿಗೆ ಈ 18.2 ಚೆನ್ನಾಗಿ ಗೊತ್ತು. ಹದಿನೆಂಟೂ ಅಲ್ಲ, ಇಪ್ಪತ್ತೂ ಅಲ್ಲ, ಯಾಕಪ್ಪಾ ಈ ಪಾಯಿಂಟ್ ಎರಡು ಅಂತ ತಲೆ ಕೆರೆದುಕೊಂಡವರು ಎಷ್ಟೋ ಜನ.

ಈಗ ನಮ್ಮ ಕಡೆಗೆ ನೋಡಿ. ಭಾರತಕ್ಕೆ ಬಣ್ಣದ ಟಿವಿ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ನಾವು ಆರಿಸಿಕೊಂಡದ್ದು ಪಾಲ್ ಎಂಬ ಬೇರೆ ಪದ್ಧತಿ. ಅದರಲ್ಲಿ 625 ಗೆರೆ, ಬಣ್ಣದ ಆವರ್ತನ 4.43 ಮೆಗಾಹರ್ಟ್ಸ್. ಅಂದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾವುದೋ ಆಫೀಸಿಗೆ ಬಂದ ಐಬಿಎಂ ಮಾದರಿಯ ಪಿಸಿಯೊಳಗೆ ಮಿಡಿಯುತ್ತಿದ್ದದ್ದು ಈ ದೇಶದ ಯಾವ ಟಿವಿಗೂ ಸಂಬಂಧವಿಲ್ಲದ ಆವರ್ತನ. ನಮ್ಮ ಪ್ರೋಗ್ರಾಮರುಗಳು ಆ 18.2ರ ಲೆಕ್ಕವನ್ನು ತಮ್ಮದೇ ಅನ್ನುವಂತೆ ಕಲಿತರು. ಯಾರದೋ ಮನೆಯ ಬಾಗಿಲ ಅಳತೆಗೆ ನಮ್ಮ ಮಂಚ ಮಾಡಿಸಿಕೊಂಡ ಹಾಗೆ.

ಹಾವಿನಂತೆ ಹರಿದ ಗೆರೆಗಳು

ಹರಳು ಒಂದಾಯಿತು, ಭಾಗಾಕಾರವೂ ಆಯಿತು. ಆದರೆ ಮಿಡಿತವನ್ನು ಎಲ್ಲ ಚಿಪ್‌ಗಳಿಗೆ ಮುಟ್ಟಿಸುವುದು? ಅಲ್ಲಿ ಶುರುವಾಗುತ್ತದೆ ನಿಜವಾದ ಪಡಿಪಾಟಲು.

ಮೊದಲನೆಯ ತೊಂದರೆ ಭಾರ. ಪ್ರತಿ ಚಿಪ್ಪಿನ ಕಾಲಿಗೂ ಒಂದಿಷ್ಟು ವಿದ್ಯುತ್ತು ತುಂಬಬೇಕು, ಆಮೇಲೆ ಖಾಲಿ ಮಾಡಬೇಕು. ಒಂದೇ ನಲ್ಲಿಗೆ ಒಂದು ಕೊಡ ಇಟ್ಟರೆ ಬೇಗ ತುಂಬುತ್ತದೆ. ಅದೇ ನೀರನ್ನು ಹತ್ತು ಕೊಡಕ್ಕೆ ಹಂಚಿದರೆ ಎಲ್ಲವೂ ನಿಧಾನ. ಮಿಡಿತದ ಏರು ನೆಟ್ಟಗೆ ಇರುವ ಬದಲು ಇಳಿಜಾರಾಗುತ್ತದೆ, ಯಾವ ಕ್ಷಣ ಏರಿತು ಎಂಬುದೇ ಅನುಮಾನ. ಅದಕ್ಕೆ ನಡುವೆ ಬಫರ್ ಚಿಪ್ ಹಾಕಿದರು. ಒಂದು ಮಿಡಿತ ಒಳಗೆ, ಅದರ ಹಲವು ಪ್ರತಿಗಳು ಹೊರಗೆ. ಆದರೆ ಆ ಪ್ರತಿಗಳೂ ಒಂದೇ ಕ್ಷಣಕ್ಕೆ ಹೊರಡಬೇಕಲ್ಲ? ಅದಕ್ಕೆಂದೇ ಪ್ರತ್ಯೇಕ ಬಫರ್‌ಗಳು ಹುಟ್ಟಿದವು.

ಎರಡನೆಯದು ಪ್ರತಿಧ್ವನಿ. ತಂತಿಯ ಕೊನೆ ಮುಟ್ಟಿದ ಅಲೆ ಅಲ್ಲಿಗೇ ನಿಲ್ಲುವುದಿಲ್ಲ, ಬಾವಿಯ ಗೋಡೆಗೆ ಬಡಿದ ಕೂಗಿನಂತೆ ಹಿಂದಕ್ಕೆ ಬರುತ್ತದೆ. ಡೇಟಾ ತಂತಿಯಲ್ಲಿ ಆದರೆ ಪರವಾಗಿಲ್ಲ, ಅದು ಶಾಂತವಾಗುವವರೆಗೆ ಕಾಯಬಹುದು. ಕ್ಲಾಕ್ ತಂತಿಯಲ್ಲಿ ಕಾಯುವ ಹಾಗಿಲ್ಲ. ಪ್ರತಿಧ್ವನಿಯಿಂದ ಏರು ಒಮ್ಮೆ ತೊದಲಿದರೆ ಚಿಪ್ಪು ಒಂದು ಮಿಡಿತವನ್ನು ಎರಡು ಅಂತ ಎಣಿಸುತ್ತದೆ. ಇದಕ್ಕೆ ಮದ್ದು ಸರಳ: ಮಿಡಿತ ಹೊರಡುವ ಕಡೆ, ಚಿಪ್ಪಿನ ಪಕ್ಕದಲ್ಲೇ, 22 ಅಥವಾ 33 ಓಮ್‌ನ ಒಂದು ಪುಟ್ಟ ರೆಸಿಸ್ಟರ್. ವಾಪಸ್ ಬಂದ ಅಲೆಯನ್ನು ಅದು ನುಂಗಿಕೊಳ್ಳುತ್ತದೆ. ಸಾಸಿವೆ ಕಾಳಿನಷ್ಟು ದೊಡ್ಡದು, ಬೆಲೆ ಪೈಸೆಗಳಲ್ಲಿ. ಅದನ್ನು ಬಿಟ್ಟರೆ ಇಡೀ ಬೋರ್ಡು ಆಗೊಮ್ಮೆ ಈಗೊಮ್ಮೆ ಕಾರಣವೇ ತಿಳಿಯದಂತೆ ತಪ್ಪು ಮಾಡುತ್ತದೆ.

ಮೂರನೆಯದು ದೂರ. 1992ರಲ್ಲಿ ಇಂಟೆಲ್ ಪಿಸಿಐ ಎಂಬ ಹೊಸ ಬಸ್ ತಂದಿತು. ವೇಗ 33 ಮೆಗಾಹರ್ಟ್ಸ್, ಒಂದು ಮಿಡಿತಕ್ಕೆ 30 ನ್ಯಾನೋಸೆಕೆಂಡ್. ಈ ಮೂವತ್ತನ್ನು ಅವರು ಹಂಚಿದ್ದು ನೋಡಿದರೆ ಸಂಬಳದ ದಿನ ಮನೆಯಲ್ಲಿ ಹಾಕುವ ಲೆಕ್ಕ ನೆನಪಾಗುತ್ತದೆ. ಕಳಿಸುವ ಚಿಪ್ಪಿಗೆ 11. ತಂತಿಯ ಪಯಣಕ್ಕೆ 10. ಓದುವ ಚಿಪ್ಪಿನ ತಯಾರಿಗೆ 7. ಉಳಿದದ್ದು 2. ಆ ಎರಡು ನ್ಯಾನೋಸೆಕೆಂಡ್ ಮಾತ್ರ ಕ್ಲಾಕಿನ ಹಿಂದುಮುಂದಿಗೆ. ಮೊದಲಿನ ಹಾಗೆ ಒಂದೇ ಕ್ಲಾಕ್ ತಂತಿಯನ್ನು ಎಲ್ಲ ಸ್ಲಾಟುಗಳಿಗೂ ಸಾಲಾಗಿ ಎಳೆಯುವುದು ಇನ್ನು ನಡೆಯುವುದಿಲ್ಲ. ಪ್ರತಿ ಸ್ಲಾಟಿಗೂ ಬಫರ್‌ನಿಂದ ತನ್ನದೇ ಒಂದು ಗೆರೆ, ಎಲ್ಲ ಗೆರೆಗಳೂ ಸರಿಸಮ. ಸ್ಲಾಟಿಗೆ ಹಾಕುವ ಕಾರ್ಡಿನ ಮೇಲಿನ ಕ್ಲಾಕ್ ಗೆರೆಯ ಉದ್ದವನ್ನೂ ನಿಯಮದಲ್ಲೇ ಬರೆದಿಟ್ಟರು. ಎರಡೂವರೆ ಇಂಚು, ಹೆಚ್ಚುಕಡಿಮೆ ಆದರೆ ಇಂಚಿನ ಹತ್ತರಲ್ಲಿ ಒಂದು ಭಾಗ ಮಾತ್ರ. ತೈವಾನಿನಲ್ಲಿ ಕಾರ್ಡು ಮಾಡುವವನಿಗೂ ಟೆಕ್ಸಾಸಿನಲ್ಲಿ ಮದರ್‌ಬೋರ್ಡ್ ಮಾಡುವವನಿಗೂ ಪರಿಚಯವೇ ಬೇಕಿಲ್ಲ. ಇಬ್ಬರೂ ಆ ಎರಡೂವರೆ ಇಂಚಿಗೆ ಬದ್ಧರಾಗಿದ್ದರೆ ಸಾಕು, ತಾಳ ಕೂಡುತ್ತದೆ.

ಹಳೆಯ ಮದರ್‌ಬೋರ್ಡ್ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಕೆಲವು ತಾಮ್ರದ ಗೆರೆಗಳು ನೇರ ಹೋಗುವ ಬದಲು ಹಾವಿನಂತೆ ಬಳುಕಿಕೊಂಡು ಹೋಗಿರುತ್ತವೆ. ಜಾಗ ಇಲ್ಲದ್ದಕ್ಕೆ ಸುತ್ತಿಸಿದ್ದಲ್ಲ ಅದು. ಹತ್ತಿರದ ಚಿಪ್ಪಿಗೆ ಹೋಗುವ ಗೆರೆಯನ್ನು ಬೇಕೆಂದೇ ಉದ್ದ ಮಾಡಿ, ದೂರದ ಚಿಪ್ಪಿನ ಗೆರೆಗೆ ಸರಿಗಟ್ಟಿಸಿದ್ದು. ಹತ್ತಿರದವರಿಗೆ ಬೇಗ ಸಿಗುವುದನ್ನು ತಡೆದರೆ ಮಾತ್ರ ದೂರದವರಿಗೆ ನ್ಯಾಯ. ಚಿಪ್ಪೆವಾ ಫಾಲ್ಸ್‌ನ ಹೆಂಗಸರು ಕತ್ತರಿಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ತಾಮ್ರದ ಗೆರೆ ಮಾಡುತ್ತಿದೆ.

ತಾನೇ ತಿದ್ದಿಕೊಳ್ಳುವ ತಾಳ

ವೇಗ ಇನ್ನೂ ಏರಿದಾಗ ಉದ್ದ ಹೊಂದಿಸುವುದಷ್ಟೇ ಸಾಲದಾಯಿತು. ಆಗ ನೆರವಿಗೆ ಬಂದದ್ದು ಹಳೆಯದೊಂದು ಉಪಾಯ, ಪಿಎಲ್‌ಎಲ್. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್ಸಿಜ್ ರೇಡಿಯೋಗಾಗಿ ಬರೆದಿದ್ದ ವಿಚಾರ ಅದು. ತತ್ವ ಇಷ್ಟೇ: ನಿನ್ನ ಮಿಡಿತವನ್ನು ಹೊರಗಿನ ಮಿಡಿತದ ಪಕ್ಕ ಇಟ್ಟು ನೋಡು, ಹಿಂದಿದ್ದರೆ ತುಸು ಬೇಗ ಹೋಗು, ಮುಂದಿದ್ದರೆ ತುಸು ನಿಧಾನಿಸು. ಟಿವಿಗಳೂ ಈ ತತ್ವವನ್ನೇ ನೆಚ್ಚಿಕೊಂಡಿದ್ದವು.

ಬಫರ್ ಚಿಪ್ಪಿನೊಳಗೆ ಪಿಎಲ್‌ಎಲ್ ಕೂರಿಸಿದರೆ ಅದು ತನ್ನಿಂದಾಗುವ ತಡವನ್ನು ತಾನೇ ಅಳೆದು ಕಳೆದುಬಿಡುತ್ತದೆ. ಇದಕ್ಕೆ ಜೀರೋ ಡಿಲೇ ಬಫರ್ ಅಂತ ಹೆಸರು. ಪ್ರೊಸೆಸರಿನೊಳಗೆ ಕೂರಿಸಿದರೆ ಹೊರಗಿನ ನಿಧಾನ ಮಿಡಿತವನ್ನು ಒಳಗೆ ಗುಣಿಸಿಕೊಳ್ಳಬಹುದು. 1992ರಲ್ಲಿ ಬಂದ ಇಂಟೆಲ್ 486 ಡಿಎಕ್ಸ್2 ಹೊರಗೆ 25 ಕೇಳಿಸಿಕೊಂಡು ಒಳಗೆ 50 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಬೋರ್ಡು ಸುಧಾರಿಸಿಕೊಂಡಿತು. ಕಷ್ಟ ಮಾತ್ರ ಮಾಯವಾಗಲಿಲ್ಲ, ಬೋರ್ಡಿನಿಂದ ಚಿಪ್ಪಿನೊಳಕ್ಕೆ ಹೋಯಿತು. ಅದೇ ವರ್ಷದ ಡಿಇಸಿ ಆಲ್ಫಾ 21064 ಚಿಪ್ 200 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದು ತಿನ್ನುತ್ತಿದ್ದ ವಿದ್ಯುತ್ತಿನಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಲೆಕ್ಕ ಮಾಡುವುದಕ್ಕಲ್ಲ, ಕ್ಲಾಕನ್ನು ಹಂಚುವುದಕ್ಕೇ ಖರ್ಚು. ಇವತ್ತು ಬೆಂಗಳೂರಿನ ಚಿಪ್ ವಿನ್ಯಾಸದ ಕಚೇರಿಗಳಲ್ಲಿ ಕ್ಲಾಕ್ ಟ್ರೀ ಕೆಲಸ ಅಂತ ಎಷ್ಟೋ ಯುವ ಎಂಜಿನಿಯರುಗಳು ರಾತ್ರಿ ತಡದವರೆಗೆ ಕೂತಿರುತ್ತಾರಲ್ಲ, ಅದು ಈ ಪರಂಪರೆಯದೇ ಮುಂದುವರಿಕೆ.

ಕ್ಲಾಕಿಗೆ ಇನ್ನೊಂದು ದುರ್ಗುಣ. ಒಂದೇ ಆವರ್ತನದಲ್ಲಿ ಬಿಡದೆ ಮಿಡಿಯುವ ತಂತಿ ಅಂದರೆ ಅದೊಂದು ಪುಟ್ಟ ರೇಡಿಯೋ ಸ್ಟೇಷನ್ನೇ. ಪಕ್ಕದ ರೇಡಿಯೋ, ಟಿವಿಗಳಿಗೆ ಅದು ಕಿರಿಕಿರಿ. ಸರ್ಕಾರದ ನಿಯಮ ಬಿಗಿ. 1994ರಲ್ಲಿ ಪ್ರಿಂಟರ್ ಕಂಪನಿ ಲೆಕ್ಸ್‌ಮಾರ್ಕ್‌ನ ಎಂಜಿನಿಯರುಗಳು ಒಂದು ಉಪಾಯ ಪ್ರಕಟಿಸಿದರು: ತಾಳವನ್ನು ಬೇಕೆಂದೇ ಒಂಚೂರು ಓಲಾಡಿಸಿ. ಪಿಸಿಗಳಲ್ಲಿ ಈ ಓಲಾಟ ಸಾಮಾನ್ಯವಾಗಿ ಅರ್ಧ ಶೇಕಡಾ ಮಾತ್ರ. ಶಕ್ತಿ ಒಂದೇ ಜಾಗದಲ್ಲಿ ಚುಚ್ಚುವ ಬದಲು ಹರಡಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೇ ಓಲಾಡಿದರೆ ಯಾರ ತಾಳವೂ ತಪ್ಪುವುದಿಲ್ಲ. ನಾಲ್ಕು ದಶಕ ತಾಳ ಅಲುಗದ ಹಾಗೆ ಹಿಡಿಯಲು ಹೆಣಗಿದವರು ಕೊನೆಗೆ ತಾವೇ ಅಲುಗಿಸಬೇಕಾಗಿ ಬಂತು.

ತಾಳ ನಿಂತಾಗ

ಇಷ್ಟೆಲ್ಲ ಕೇಳಿ, ಇದು ಎಂಜಿನಿಯರುಗಳ ತಲೆನೋವು, ನಮಗೇನು ಅನ್ನಿಸಬಹುದು. ಅದಕ್ಕೆ 2017ರ ಒಂದು ಪ್ರಸಂಗ ಹೇಳ್ತೀನಿ.

ಆ ವರ್ಷ ಫೆಬ್ರವರಿಯಲ್ಲಿ, ಜಗತ್ತಿನ ದೊಡ್ಡ ನೆಟ್‌ವರ್ಕ್ ಉಪಕರಣ ಕಂಪನಿ ಸಿಸ್ಕೋ ಒಂದು ಸೂಚನೆ ಹೊರಡಿಸಿತು. ತನ್ನ ಕೆಲವು ರೌಟರು, ಫೈರ್‌ವಾಲ್ ಮುಂತಾದವುಗಳಲ್ಲಿ ಹೊರಗಿನಿಂದ ಕೊಂಡ ಒಂದು ಬಿಡಿಭಾಗ ಇದೆ, ಅದರ ಕ್ಲಾಕ್ ಸಿಗ್ನಲ್ ಕಾಲಕ್ರಮೇಣ ಕ್ಷೀಣಿಸಬಹುದು, ಸುಮಾರು 18 ತಿಂಗಳು ಓಡಿದ ಮೇಲೆ ಹಾಳಾಗುವ ಸಂಭವ ಹೆಚ್ಚುತ್ತದೆ, ಹಾಳಾದರೆ ಯಂತ್ರ ಮತ್ತೆ ಬೂಟ್ ಆಗುವುದಿಲ್ಲ ಎಂದು. ಬಿಡಿಭಾಗ ಯಾರದ್ದೆಂದು ಸಿಸ್ಕೋ ಹೆಸರು ಹೇಳಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಇಂಟೆಲ್ ತನ್ನ ಆಟಮ್ ಸಿ2000 ಚಿಪ್ಪಿನ ದೋಷಪಟ್ಟಿಗೆ ಒಂದು ಹೊಸ ಸಾಲು ಸೇರಿಸಿತ್ತು: ಕ್ಲಾಕ್ ಹೊರಬರುವ ಕಾಲುಗಳು ಕೆಲಸ ನಿಲ್ಲಿಸಬಹುದು, ವ್ಯವಸ್ಥೆ ಶುರುವಾಗದೇ ಹೋಗಬಹುದು. ಪತ್ರಿಕೆಗಳು ಎರಡನ್ನೂ ಜೋಡಿಸಿ ನೋಡಿದವು.

ಅದೇ ಚಿಪ್ ಬೇರೆ ಕಂಪನಿಗಳ ಶೇಖರಣಾ ಪೆಟ್ಟಿಗೆಗಳಲ್ಲೂ ಇತ್ತು. ಪ್ರೊಸೆಸರ್ ಚೆನ್ನಾಗಿದೆ, ಮೆಮೊರಿ ಚೆನ್ನಾಗಿದೆ, ಡಿಸ್ಕಿನಲ್ಲಿ ಫೋಟೋ, ಲೆಕ್ಕಪತ್ರ ಎಲ್ಲ ಭದ್ರವಾಗಿದೆ. ಆದರೆ ಬೂಟ್ ಮಾಡುವ ಪ್ರೋಗ್ರಾಮ್ ಇಟ್ಟ ಚಿಪ್ಪಿಗೆ ಹೋಗುವ ಆ ಒಂದು ಮಿಡಿತ ಇಲ್ಲ. ಇಡೀ ಯಂತ್ರ ಇಟ್ಟಿಗೆ. ಖಾತರಿಯೋ ಸೇವಾ ಒಪ್ಪಂದವೋ ಇದ್ದವರಿಗೆ ಸಿಸ್ಕೋ ಬದಲಿ ಕೊಡುವುದಾಗಿ ಹೇಳಿತು. ಅವಧಿ ಮುಗಿದಿದ್ದ ಇತರ ಪೆಟ್ಟಿಗೆಗಳ ಒಡೆಯರಲ್ಲಿ ಕೆಲವರು ಕವಚ ಬಿಚ್ಚಿ, ಕ್ಲಾಕ್ ಗೆರೆಗೆ ಒಂದು ರೆಸಿಸ್ಟರ್ ಬೆಸುಗೆ ಹಾಕಿ, ಸತ್ತ ಯಂತ್ರವನ್ನು ಎಬ್ಬಿಸಿದರು. ಕ್ಷೀಣವಾದ ಮಿಡಿತಕ್ಕೆ ಒಂದು ಊರುಗೋಲು. ಬೆಸುಗೆ ಗೊತ್ತಿಲ್ಲದವರು? ಹೊಸದು ಕೊಂಡರು.

ನನಗೆ ಈ ಪ್ರಸಂಗದಲ್ಲಿ ಕಾಣೋದು ಇಷ್ಟು. ತಾಳ ಹಂಚುವವನು ಕಣ್ಣಿಗೆ ಕಾಣಿಸುವುದಿಲ್ಲ, ಜಾಹೀರಾತಿನಲ್ಲಿ ಅವನ ಹೆಸರಿಲ್ಲ. ಯಾವ ಅಂಗಡಿಯಲ್ಲೂ ಯಾರೂ "ಇದರ ಕ್ಲಾಕ್ ಹಂಚಿಕೆ ಹೇಗಿದೆ" ಅಂತ ಕೇಳಿ ರೌಟರ್ ಕೊಳ್ಳುವುದಿಲ್ಲ. ಆದರೆ ಎಲ್ಲರೂ ಅವನನ್ನೇ ನಂಬಿಕೊಂಡಿರುತ್ತಾರೆ. ಅಂಥವನು ಕೈಕೊಟ್ಟಾಗ ನಷ್ಟದ ಚೀಟಿ ಬರುವುದು ಕಾಲು ತಪ್ಪಿಸಿದವನ ಮನೆಗಲ್ಲ, ಕೊಂಡವನ ಮನೆಗೆ. ಕೆಟ್ಟುಹೋದ ಉಪಕರಣವನ್ನು ರಿಪೇರಿ ಮಾಡುವ ಹಕ್ಕಿನ ಬಗ್ಗೆ ಈಗ ಜಗತ್ತಿನಲ್ಲಿ ಚರ್ಚೆ ನಡೀತಿದೆಯಲ್ಲ, ಪೈಸೆ ಬೆಲೆಯ ಈ ರೆಸಿಸ್ಟರ್ ಅದರ ಪರವಾಗಿ ಹೇಳುವ ಸಾಕ್ಷಿ ದೊಡ್ಡದು.

ಇನ್ನು ನಮ್ಮ ಸಂಖ್ಯೆಯ ಕಥೆ ಏನಾಯಿತು? 2009ರ ಜೂನ್ 12ರಂದು ಅಮೆರಿಕದ ದೊಡ್ಡ ಟಿವಿ ಸ್ಟೇಷನ್ನುಗಳು ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿದವು. 3.579545 ಮೆಗಾಹರ್ಟ್ಸ್‌ನ ಆ ಬಣ್ಣದ ಗೊಂಚಲು ಗಾಳಿಯಿಂದ ಹೆಚ್ಚುಕಡಿಮೆ ಮರೆಯಾಯಿತು. ಆದರೆ ಪಿಸಿಯಲ್ಲಿ? ವಿದ್ಯುತ್ ಉಳಿತಾಯದ ಲೆಕ್ಕ ನೋಡಿಕೊಳ್ಳಲು ಎಸಿಪಿಐ ಎಂಬ ನಿಯಮದಲ್ಲಿ ಒಂದು ಟೈಮರ್ ಇದೆ. ಅದರ ಆವರ್ತನ 3.579545 ಮೆಗಾಹರ್ಟ್ಸ್ ಅಂತಲೇ ಇವತ್ತಿಗೂ ಬರೆದಿದೆ. ಹಳೆಯ ಸಾಫ್ಟ್‌ವೇರ್ ಮುರಿಯಬಾರದಲ್ಲ! 1953ರಲ್ಲಿ ಹಳೆಯ ಟಿವಿ ಸೆಟ್ಟು ಕೆಡಬಾರದು ಅಂತ ಹಾಕಿದ ಲೆಕ್ಕ, 1981ರಲ್ಲಿ ಒಂದು ಹರಳು ಉಳಿಸಲು ಎರವಲು ತಂದದ್ದು. ಅದನ್ನು ತೆಗೆದರೆ ಏನು ಕೆಡುತ್ತದೋ ಎಂದು ಯಾರೂ ಕೈಹಾಕಲಿಲ್ಲ. ಎರಡೂ ಸಲ ಕಾರಣ ಒಂದೇ, ಹಳಬರ ತಾಳ ತಪ್ಪದಿರಲಿ ಎಂಬ ಕಾಳಜಿ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾಳಜಿಯ ಬೆಲೆಯಾಗಿ ಒಂದು ವಿಚಿತ್ರ ಸಂಖ್ಯೆಯನ್ನು ಹೊತ್ತುಕೊಂಡು ತಿರುಗುವುದು ದುಬಾರಿಯೇನಲ್ಲ.